ಶನಿವಾರ ಸಾಯುವ ಬ್ಯಾಟರಿ

ನಮ್ಮ ಸೋದರಮಾವ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಅವರು ಜೀವಮಾನದಲ್ಲಿ ಮಾಡಿದ ಏಕೈಕ ಅವಿವೇಕವೆಂದರೆ, ಸ್ವದೇಶಕ್ಕೆ ಹೊರಟಿದ್ದ ಕಾಫಿ ತೋಟದ ದೊರೆಯೊಬ್ಬನಿಂದ ಒಂದು ಹಳೆಯ ಸ್ಪೋರ್ಟ್ಸ್ ಕಾರು ಕೊಂಡದ್ದು. ಕೆಂಪು ಬಣ್ಣ, ಎರಡೇ ಸೀಟು, ತಲೆಯ ಮೇಲೆ ಆಕಾಶ. ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಸೈಟಿನ ಗಡಿಕಲ್ಲುಗಳೇ ಹೆಚ್ಚು. ಪಂಚೆ, ಕೋಟು, ಪೇಟ ಧರಿಸಿ ಅವರು ಆ ಕಾರಿನಲ್ಲಿ ಮಾಗಡಿ ರಸ್ತೆಗೆ ಇಳಿದರೆ ಎತ್ತುಗಳು ಕೂಡ ನಿಂತು ನೋಡುತ್ತಿದ್ದವು. ಪೇಟ ಹಾರದಿರಲೆಂದು ಅತ್ತೆಯ ಹಳೇ ಸೀರೆಯ ಅಂಚನ್ನು ಗದ್ದದ ಕೆಳಗೆ ಬಿಗಿಯುತ್ತಿದ್ದರು. ಇದರಿಂದ ತಮ್ಮ ಗಾಂಭೀರ್ಯಕ್ಕೆ ಏನೂ ಕುಂದಿಲ್ಲ ಎಂಬುದು ಅವರ ಖಚಿತ ಅಭಿಪ್ರಾಯ.

ಕಾರಿಗೆ ಇದ್ದದ್ದು ಒಂದೇ ರೋಗ. ವಾರವೆಲ್ಲ ಓಡುತ್ತಿತ್ತು. ಶುಕ್ರವಾರ ಅತ್ತೆ ದೇವರಿಗೆ, ಹೊಸ್ತಿಲಿಗೆ, ತುಳಸಿಗೆ, ಕಾರಿಗೆ ಎಲ್ಲಕ್ಕೂ ಪೂಜೆ ಮಾಡುತ್ತಿದ್ದುದರಿಂದ ಅಂದು ಅದಕ್ಕೆ ರಜಾ. ಶನಿವಾರ ಬೆಳಿಗ್ಗೆ ನೋಡಿದರೆ ಬ್ಯಾಟರಿ ಸತ್ತಿರುತ್ತಿತ್ತು. ಇಂಜಿನನ್ನು ಮುಂದಿನಿಂದ ತಿರುಗಿಸಿ ಎಬ್ಬಿಸುವ ಹ್ಯಾಂಡಲು ಒಮ್ಮೆ ಹಿಂದಕ್ಕೆ ಒದ್ದು ಮಾವನ ಮಣಿಕಟ್ಟು ಉಳುಕಿದ ಮೇಲೆ, ಅತ್ತೆ ಅದನ್ನು ಅಟ್ಟಕ್ಕೆ ಹಾಕಿ ಬೀಗ ಜಡಿದಿದ್ದರು. ಉಳಿದದ್ದು ತಳ್ಳುವುದೊಂದೇ. ಎದುರುಮನೆಯ ಹೆಡ್‌ಮಾಸ್ಟರು ಪಂಚೆ ಎತ್ತಿಕಟ್ಟಿ ತಳ್ಳಲು ಬರುತ್ತಿದ್ದರು.

"ಶನಿ ಕಾಟ, ಶಿರಸ್ತೇದಾರ್ರೇ. ಎಳ್ಳೆಣ್ಣೆ ದೀಪ ಹಚ್ಚಿಸಿ," ಎನ್ನುತ್ತಿದ್ದರು ಏದುಸಿರು ಬಿಡುತ್ತ.

ಒಂದು ಶನಿವಾರ ಹೆಡ್‌ಮಾಸ್ಟರು ಕಾರು ತಳ್ಳುತ್ತ ಮೋರಿಗೆ ಬಿದ್ದರು. ಅತ್ತೆ ಅಂದೇ ತೀರ್ಪು ಕೊಟ್ಟರು.

"ಮುಂದಿನ ಶನಿವಾರ ಕೆಂಗೇರಿ ಗುಜರಿ ಮಂಡಿಯವರು ಬರ್ತಾರೆ. ಅದು ತಾನಾಗಿ ಹೊರಟ್ರೆ ಮನೇಲಿರ್ಲಿ. ಇಲ್ದಿದ್ರೆ ಅವರಿಗೆ ಕೊಟ್ಬಿಡಿ. ಎಳ್ಕೊಂಡು ಹೋಗೋಕೆ ಎತ್ತು ತರ್ತಾರಂತೆ."

ಮಾವ ಅಂದು ಎರಡನೇ ಸಲ ಹುಳಿ ಬಡಿಸಿಕೊಳ್ಳಲಿಲ್ಲ. ಅವರನ್ನು ಬಲ್ಲವರಿಗೆ ಆ ದುಃಖದ ಆಳ ತಿಳಿಯಲು ಇಷ್ಟು ಸಾಕು.

ನಾನು ಆಗ ಅವರ ಮನೆಯಲ್ಲೇ ಇದ್ದುಕೊಂಡು ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ತನಿಖೆ ನನ್ನ ಪಾಲಿಗೆ ಬಂತು. ಮಾವ ಒಂದು ಫೈಲು ತೆರೆದು, ಮೇಲೆ 'ಬ್ಯಾಟರಿ ಮರಣದ ಬಗ್ಗೆ' ಎಂದು ಬರೆದು, ಟ್ಯಾಗು ಹಾಕಿ ಕೊಟ್ಟರು.

ಭಾನುವಾರ ಬ್ಯಾಟರಿಯ ಒಂದು ವೈರು ಬಿಚ್ಚಿ, ನಡುವೆ ಪುಟ್ಟ ಬಲ್ಬು ಸೇರಿಸಿದೆ. ಎಲ್ಲ ಸ್ವಿಚ್ಚು ಆರಿಸಿದ ಮೇಲೂ ಬಲ್ಬು ಉರಿದರೆ ಕರೆಂಟು ಎಲ್ಲೋ ಸೋರುತ್ತಿದೆ ಎಂದರ್ಥ. ಉರಿಯಲಿಲ್ಲ. ದೀಪ, ಹಾರನ್ನು, ಮಳೆ ಒರೆಸುವ ಕಡ್ಡಿ, ಒಂದೊಂದನ್ನೂ ವಿಚಾರಿಸಿದೆ, ಎಲ್ಲವೂ ನಿರಪರಾಧಿಗಳು. ಬಾಗಿಲಿನಿಂದ ಏನೂ ಹೊರಗೆ ಹೋಗುತ್ತಿಲ್ಲ, ಆದರೂ ಮನೆ ಖಾಲಿಯಾಗುತ್ತಿದೆ. ನನಗೆ ಊಟ ರುಚಿಸದಷ್ಟು ಕುತೂಹಲ ಹತ್ತಿತು.

ಸೋಮವಾರ ನಾಯಂಡಹಳ್ಳಿಯ ಮೇಸ್ತ್ರಿ ಸಾಬರ ಶೆಡ್ಡಿಗೆ ಹೋದೆವು. ಅವರು ಬ್ಯಾಟರಿ ತುಂಬುವ ಡೈನಮೋ ಬಿಚ್ಚಿ ನೋಡಿ, "ಪಾಕ್ ಸಾಫ್ ಇದೆ ಸಾರ್, ಇವನದೇನೂ ತಪ್ಪಿಲ್ಲ," ಎಂದರು. ಸೀಟಿನ ಹಿಂದಿನ ಹಲಗೆ ತೆಗೆದು ಬ್ಯಾಟರಿಯನ್ನೂ ನೋಡಿದರು. ಅದರ ತಲೆಯ ಮೇಲೆ ಒಂದು ಬೆರಳು ದಪ್ಪ ಅರಿಸಿನ ಕುಂಕುಮ. ಮೇಸ್ತ್ರಿ ಅದನ್ನು ತಪ್ಪಿಸಿ, ಸುತ್ತ ಮಾತ್ರ ಭಕ್ತಿಯಿಂದ ಒರೆಸಿದರು.

"ಅಮ್ಮಾವ್ರು ಇಟ್ಟಿರೋದು. ನಾವು ಮುಟ್ಬಾರ್ದು."

ನಾನೂ ಭಾನುವಾರ ಹಾಗೇ ತಪ್ಪಿಸಿಯೇ ಒರೆಸಿದ್ದೆ. ನಮ್ಮಲ್ಲಿ ಯಂತ್ರದ ಮೇಲೆ ಕುಂಕುಮ ಇಲ್ಲದಿದ್ದರೆ ಕಣ್ಣಿಗೆ ಬೀಳುತ್ತದೆ, ಇದ್ದರೆ ಕಾಣುವುದಿಲ್ಲ.

ಶುಕ್ರವಾರ ರಜೆ ಹಾಕಿ, ಕಾಲೇಜಿನ ಮೀಟರು ತಂದು, ಕಾರಿನ ಪಕ್ಕ ಸ್ಟೂಲು ಹಾಕಿ ಪಹರೆ ಕೂತೆ. ಬೆಳಿಗ್ಗೆ ಬ್ಯಾಟರಿ ತುಂಬಿತ್ತು. ಒಂಬತ್ತು ಗಂಟೆಗೆ ಅತ್ತೆ ಹರಿವಾಣ ಹಿಡಿದು ಬಂದರು. ಹಲಗೆ ಎತ್ತಿದರು. ಹಳೆಯದರ ಮೇಲೆ ಹೊಸ ಅರಿಸಿನ, ಹೊಸ ಕುಂಕುಮ. ಈ ಕೊನೆಯ ಸೀಸದ ಗೂಟದಿಂದ ಆ ಕೊನೆಯ ಗೂಟದವರೆಗೆ, ಏನೂ ಬಿಡದೆ. ಮೇಲೆ ಕಾಯಿ ಒಡೆದು ಅದರ ನೀರಿನ ಅಭಿಷೇಕ.

"ಇವರು ಪ್ರಾಣಾನ ನಿನ್ನಲ್ಲೇ ಇಟ್ಕೊಂಡಿದಾರೆ. ನಾಳೆ ಒಂದು ದಿನ ಮಾನ ಉಳಿಸಪ್ಪ," ಎಂದು ಬ್ಯಾಟರಿಗೆ ಕೈ ಮುಗಿದರು.

ಮೀಟರಿನ ಒಂದು ವೈರನ್ನು ಗೂಟಕ್ಕೆ ಇಟ್ಟೆ, ಇನ್ನೊಂದನ್ನು ಒದ್ದೆ ಕುಂಕುಮಕ್ಕೆ ಮಾತ್ರ ತಾಗಿಸಿದೆ. ಮುಳ್ಳು ಚಂಗನೆ ಎದ್ದಿತು. ಕರೆಂಟು ಯಾವ ವೈರನ್ನೂ ಹತ್ತದೆ, ಅತ್ತೆ ಹಾಕಿಕೊಟ್ಟ ದಾರಿಯಲ್ಲೇ ಒಂದು ಗೂಟದಿಂದ ಇನ್ನೊಂದಕ್ಕೆ ನಡೆದು ಹೋಗುತ್ತಿತ್ತು. ಉಳಿದ ದಿನ ಕುಂಕುಮ ಒಣಗಿರುತ್ತಿತ್ತು, ಓಡುವ ಕಾರು ಬ್ಯಾಟರಿಯನ್ನು ತುಂಬುತ್ತಲೂ ಇತ್ತು. ಮೊದಲೇ ಮುದಿ ಬ್ಯಾಟರಿ. ಒಂದು ಹಗಲು, ಒಂದು ರಾತ್ರಿ ಅದಕ್ಕೆ ಧಾರಾಳವಾಯಿತು.

"ಅತ್ತೆ, ಇದಕ್ಕೆ ಯಾವಾಗಿಂದ ಪೂಜೆ ಮಾಡ್ತಾ ಇದೀರಿ?"

"ಮೊದಲ್ನೇ ಸಲ ಇವರು ದೀಪ ಆರಿಸೋದು ಮರೆತು ಸಾಯಿಸಿದ್ರಲ್ಲ, ಅವತ್ತಿಂದ ಕಣೋ. ಇನ್ಮೇಲೆ ಸಾಯದೇ ಇರ್ಲಿ ಅಂತ."

ಅಷ್ಟರಲ್ಲಿ ಮಾವ ಫೈಲು ಹಿಡಿದು ಬಂದರು. ನಾನು ವರದಿ ಒಪ್ಪಿಸಿದೆ. ಅವರು ಕನ್ನಡಕ ಏರಿಸಿ, ಮುಳ್ಳನ್ನು ನೋಡಿದರು, ಕುಂಕುಮವನ್ನು ನೋಡಿದರು, ಅತ್ತೆಯ ಹಣೆಯನ್ನು ನೋಡಿದರು.

"ಒರೆಸಿದ್ರೆ ಸರಿಹೋಗತ್ತೆ ಮಾವ," ಎಂದೆ.

"ಶುಕ್ರವಾರ ಕುಂಕುಮ ಒರೆಸ್ತೀಯೇನೋ? ಅದೂ ಅವಳು ಈಗ ತಾನೇ ಇಟ್ಟಿದ್ದು?" ಫೈಲು ಮುಚ್ಚಿದರು. "ಕಾರು ಹೋದ್ರೆ ಹೋಗ್ಲಿ ಬಿಡೋ."

ಅತ್ತೆ ಹರಿವಾಣ ಎತ್ತಿಕೊಂಡು ಒಳಗೆ ಹೋದರು. ಅಳುತ್ತಿದ್ದಾರೆಂದು ನಾವಿಬ್ಬರೂ ತಲೆ ತಗ್ಗಿಸಿ ನಿಂತೆವು. ಅವರು ಬಿಸಿನೀರು, ಅಡುಗೆ ಸೋಡಾ, ಹಳೇ ಬಟ್ಟೆ ಹಿಡಿದು ವಾಪಸು ಬಂದರು.

"ದೇವರ ವಿಗ್ರಹಕ್ಕೂ ಹಳೇದನ್ನ ತೊಳೆದೇ ಹೊಸದು ಇಡೋದು. ನಾನೇ ತೊಳೀದೆ ಮೇಲ್ಮೇಲೆ ಮೆತ್ತಿದ್ದು ತಪ್ಪು. ನಿಮಗೋ, ಪೂಜೆ ಗೊತ್ತಿಲ್ಲ, ಬರೀ ಹೆದ್ರಿಕೆ ಗೊತ್ತು. ಸರೀರಿ ಅತ್ಲಾಗೆ."

ಸೋಡಾ ನೀರು ಬಿದ್ದ ಕಡೆ ನೊರೆ ಬುಸುಬುಸು ಎದ್ದಿತು. ಕುಂಕುಮ ಹೋಗಿ, ಬ್ಯಾಟರಿಯ ತಲೆಗೆ ಮೆತ್ತಿದ್ದ ಕಪ್ಪು ಟಾರು ಮೊದಲ ಬಾರಿಗೆ ದರ್ಶನ ಕೊಟ್ಟಿತು. ಚೆನ್ನಾಗಿ ಒಣಗಿಸಿ, ಹಲಗೆ ಮುಚ್ಚಿ, ಹಲಗೆಯ ಮೇಲೆ ಅತ್ತೆ ಒಂದೇ ಒಂದು ಬೊಟ್ಟು ಇಟ್ಟರು.

ಶನಿವಾರ ಮಂಡಿಯವರು ಜೋಡೆತ್ತಿನ ಸಮೇತ ಬಂದರು. ಹೆಡ್‌ಮಾಸ್ಟರು ಅಭ್ಯಾಸಬಲದಿಂದ ಪಂಚೆ ಎತ್ತಿಕಟ್ಟಿ ಕಾರಿನ ಹಿಂದೆ ನಿಂತರು. ಮಾವ ಪೇಟ ಬಿಗಿದು, ಕಣ್ಣು ಮುಚ್ಚಿ, ಸ್ಟಾರ್ಟರು ಎಳೆದರು. ಇಂಜಿನು ಒಂದೇ ಸಲಕ್ಕೆ ಗುಡುಗಿತು. ಹೆಡ್‌ಮಾಸ್ಟರ ಪಂಚೆಗೆ ಹೊಗೆ ಬಡಿಯಿತು.

ಕೆಂಗೇರಿಯ ಎತ್ತುಗಳು ಅಂಥ ಸದ್ದು ಕೇಳಿದವಲ್ಲ. ಹಗ್ಗ ಕಿತ್ತುಕೊಂಡು ಮಾಗಡಿ ರಸ್ತೆಯ ಕಡೆಗೆ ಓಟ ಕಿತ್ತವು.

"ಅಯ್ಯಯ್ಯೋ ಸಾಮೀ, ನನ್ನ ಎತ್ತು!"

"ಹತ್ತಿ," ಎಂದರು ಮಾವ, ಪಕ್ಕದ ಸೀಟು ತೋರಿಸಿ, ಹಾಜರಿ ಕೂಗುವ ದನಿಯಲ್ಲಿ.

ಮಂಡಿಯವರು ಹತ್ತಿದರು. ಕಾರು ಕೆಂಪು ಧೂಳೆಬ್ಬಿಸಿ ಇಳಿಜಾರಿನಲ್ಲಿ ಮರೆಯಾಯಿತು. ಅತ್ತೆ ಗೇಟಿನಲ್ಲಿ ನಿಂತು ನೋಡಿ, "ಇಬ್ರಿಗೂ ಕಾಫಿ ಇಡ್ತೀನಿ. ಎತ್ತು ಸಿಕ್ಕಿದ್ಮೇಲೆ ಬರ್ತಾರೆ," ಎಂದು ಒಳಗೆ ಹೋದರು.