ಜೋರಣ್ಣ ಕಟ್ಟಿದ ಸದ್ದು

ಜೋರಣ್ಣನ ಕಾರಿನ ಬಾಗಿಲು ಹಾಕಲು ಎರಡು ಕೈ ಬೇಕು. ಹೊರಗಿನಿಂದ ನೋಡಿದರೆ ಬಣ್ಣ ಮಾಸಿದ, ಬಂಪರಿನ ಮೂಲೆ ಸೊಟ್ಟಗಾದ ಹಳೇ ಸಣ್ಣ ಕಾರು. ಗುಜರಿಯವನೂ ಮೂಗು ಮುರಿಯುವಂಥದ್ದು. ಆದರೆ ಬಾಗಿಲು ಎಳೆದುಕೊಂಡರೆ ತಿಜೋರಿ ಮುಚ್ಚಿದ ಹಾಗೆ ಧಪ್ಪೆಂದು ಕೂರುತ್ತದೆ, ಬೀದಿಯ ಗದ್ದಲ ಬೀದಿಯಲ್ಲೇ ಉಳಿಯುತ್ತದೆ. ಆ ತಗಡಿನ ಹೊಟ್ಟೆಯೊಳಗೆ ಅವನು ಪದರ ಪದರವಾಗಿ ಡಾಂಬರು ಹಾಳೆ ಅಂಟಿಸಿದ್ದಾನೆ. ಗಾಳಿಗುಳ್ಳೆ ಉಳಿಯದಂತೆ ಒತ್ತಿದ್ದು ಹೆಂಡತಿಯ ಲಟ್ಟಣಿಗೆಯಲ್ಲಿ. ಆ ಲಟ್ಟಣಿಗೆ ಮತ್ತೆ ಅಡುಗೆಮನೆ ಸೇರಲಿಲ್ಲ. ಆಕೆ ಹೊಸದೊಂದು ತಂದುಕೊಂಡು, ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಜೋರಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ನಮ್ಮ ಕಾರ್ಖಾನೆಯ ಸುತ್ತಿಗೆ ಶೆಡ್ಡಿನಲ್ಲಿ ಯಾರು ಏನು ಹೇಳಿದರೂ ಕಿವಿಗೆ ಕೈ ಅಡ್ಡ ಹಿಡಿದು “ಜೋರಾಗಿ ಹೇಳು” ಅನ್ನುತ್ತಿದ್ದ, ಹೆಸರು ಅಂಟಿಕೊಂಡಿತು. ಆ ಶೆಡ್ಡಿನಲ್ಲಿ ಆನೆ ಗಾತ್ರದ ಯಂತ್ರದ ಸುತ್ತಿಗೆ ಕೆಂಪಗೆ ಕಾದ ಕಬ್ಬಿಣದ ಮೇಲೆ ಬೀಳುತ್ತಿತ್ತು. ನೆಲ ಅದುರುತ್ತಿತ್ತು, ಬಾಯಿಗೆ ಕೆಲಸವಿರಲಿಲ್ಲ, ಕೈಯೇ ಮಾತು. ಅಂಗೈ ಕೆಳಗೊತ್ತಿದರೆ ಇಳಿಸು ಅಂತ, ಮೇಲೆತ್ತಿದರೆ ಏರಿಸು ಅಂತ. ಎರಡು ಬೆರಳು ಚಿವುಟಿದರೆ ಕೂದಲೆಳೆಯಷ್ಟು ಮಾತ್ರ. ಮುಷ್ಟಿ ಕಟ್ಟಿದರೆ ಅಲ್ಲೇ ನಿಲ್ಲಿಸು. ಈ ಭಾಷೆಯನ್ನು ಅಲ್ಲಿನವರು ಮನೆಗೂ ಹೊತ್ತು ಒಯ್ಯುತ್ತಿದ್ದರು. ಜೋರಣ್ಣ ಊಟಕ್ಕೆ ಕೂತು ಉಪ್ಪು ಕೇಳುವುದೂ ಬೆರಳು ಚಿವುಟಿಯೇ.

ಕಿವಿಗೆ ಮುಚ್ಚಳ ಕೊಡಿ ಎಂದು ನಾವು ಗೇಟಿನ ಮುಂದೆ ಧರಣಿ ಕೂತೆವು, ಲಾಠಿ ಏಟು ತಿಂದೆವು, ಕೊನೆಗೆ ಮುಚ್ಚಳ ಬಂತು. ಬಂದದ್ದನ್ನು ಅರ್ಧಕ್ಕರ್ಧ ಜನ ಕೊರಳಿಗೆ ತೂಗು ಹಾಕಿಕೊಂಡು ಓಡಾಡಿದರು. ಬೈದರೆ ಜೋರಣ್ಣ, “ಕಿವಿ ಮುಚ್ಚಿದ್ರೆ ಕಬ್ಬಿಣ ಮಾತಾಡೋದು ಹೇಗಯ್ಯಾ ಕೇಳ್ಸುತ್ತೆ? ಆರ್ತಾ ಬಂದಾಗ ಅದರ ಸದ್ದೇ ಬೇರೆ” ಅಂದ. ಸುಳ್ಳಲ್ಲ. ಅವನ ಕೈ ದಾಟಿ ಬಿರುಕು ಬಿಟ್ಟ ತುಂಡೊಂದು ಹೊರಗೆ ಹೋದದ್ದಿಲ್ಲ. ಆ ಚೊಕ್ಕ ಕೆಲಸಕ್ಕೆ ಅವನು ತೆತ್ತದ್ದು ಕಿವಿ. ಸುತ್ತಿಗೆ ಕಿವಿಯನ್ನು ಒಂದೇ ಏಟಿಗೆ ಕೊಲ್ಲುವುದಿಲ್ಲ, ಮೇಲಿನಿಂದ ಮೇಯುತ್ತಾ ಬರುತ್ತದೆ. ಮೊದಲು ಹಕ್ಕಿಯ ದನಿ ಹೋಗುತ್ತದೆ, ಆಮೇಲೆ ಕುಕ್ಕರಿನ ಸೀಟಿ. ದಪ್ಪ ಸದ್ದು ಹಾಗೇ ಉಳಿಯುವುದರಿಂದ ಕಳೆದುಕೊಂಡವನಿಗೇ ಕಳೆದುಕೊಂಡದ್ದು ತಿಳಿಯುವುದಿಲ್ಲ.

ದುಡಿಯುವವನಿಗೆ ಹವ್ಯಾಸ ಯಾಕೆ ಎಂದು ಕೇಳುವ ಮಹಾಶಯರು ನಮ್ಮ ಸಂಘದಲ್ಲೂ ಇದ್ದರು. ಅಂಥವರನ್ನು ಜೋರಣ್ಣನ ಶೆಡ್ಡಿಗೆ ಕರೆದುಕೊಂಡು ಹೋಗಬೇಕಿತ್ತು. ಮನೆಯ ಪಕ್ಕದ ತಗಡಿನ ಮಾಡಿನ ಕೆಳಗೆ ರಜೆಯ ದಿನ ಕಾರಿನ ಸೀಟುಗಳೆಲ್ಲ ಅಂಗಳದಲ್ಲಿ, ಇವನು ನೆಲದ ಮೇಲೆ ಮಲಗಿ ಹಾಡಿನ ಸ್ಪೀಕರುಗಳಿಗೆ ತಂತಿ ಎಳೆಯುತ್ತಿದ್ದ. ಡಿಕ್ಕಿಯಲ್ಲಿ ಕೂರುವ ದಪ್ಪ ಸದ್ದಿನ ಪೆಟ್ಟಿಗೆಯನ್ನು ಪ್ಲೈವುಡ್ಡಿನಲ್ಲಿ ತಾನೇ ಕೊಯ್ದು ಕಟ್ಟಿದ. ಸ್ಪೀಕರ್ ಗುದ್ದುವಾಗ ಪೆಟ್ಟಿಗೆಯ ಸಂದುಗಳ ಪಕ್ಕ ಮೇಣದಬತ್ತಿ ಹಿಡಿದು ನೋಡಿದ. ಜ್ವಾಲೆ ಅಲುಗಿದ ಕಡೆಯೆಲ್ಲ ಗಾಳಿ ಸೋರುತ್ತಿದೆ ಎಂದು ಅರ್ಥ, ಅಲ್ಲೆಲ್ಲ ಮರದ ಪುಡಿ ಕಲೆಸಿದ ಅಂಟು ತುಂಬಿದ. ಎಲ್ಲೋ ಕಿರಿಕಿರಿ ಅನ್ನುತ್ತಿದೆ ಎಂದು ಯಾರಾದರೂ ಹೇಳಿದರೆ, ಹಾಡು ಹಾಕಿಟ್ಟು ಇಡೀ ಕಾರಿನ ಮೈ ಸವರುತ್ತಾ ಹೋಗುತ್ತಿದ್ದ. ಅಂಗೈಯಲ್ಲೇ ಹುಡುಕಿ, ನಂಬರ್ ಪ್ಲೇಟಿನ ಸಡಿಲ ಸ್ಕ್ರೂ ಬಿಗಿದು, “ಇದೇ ನೋಡು ಕಳ್ಳ” ಅನ್ನುತ್ತಿದ್ದ. ಕಬ್ಬಿಣವನ್ನು ಬಡಿದೂ ಬಡಿದೂ ಬದುಕಿದವನು ಅದೇ ಕಬ್ಬಿಣದ ತಗಡಿನಿಂದ ಹಾಡು ಹೊರಡಿಸಲು ಕೂತಿದ್ದ. ಇದಕ್ಕಿಂತ ದೊಡ್ಡ ಭಾಷಣ ನಾನು ಯಾವ ವೇದಿಕೆಯ ಮೇಲೂ ಮಾಡಿಲ್ಲ.

ಮುಚ್ಚಿಹೋದ ಗಿರಣಿಯೊಂದರ ಬಯಲಿನಲ್ಲಿ ಭಾನುವಾರ ಇಂಥ ಹುಚ್ಚರೆಲ್ಲ ಕಾರು ತಂದು ನಿಲ್ಲಿಸುತ್ತಾರೆ. ಅಲ್ಲೊಂದು ಮರ್ಯಾದೆ ಇದೆ. ಒಬ್ಬರ ಕಾರಿನಲ್ಲಿ ಇನ್ನೊಬ್ಬರು ಕೂತು ತಮ್ಮ ಹಾಡು ಹಾಕಿಕೊಳ್ಳಬಹುದು. ಆದರೆ ಹಾಡು ಮುಗಿಯುವ ತನಕ ಏಳುವಂತಿಲ್ಲ. ನಡುವೆ ಎದ್ದರೆ ಊಟದ ತಟ್ಟೆ ನೂಕಿದಷ್ಟು ಅವಮಾನ. ಜೋರಣ್ಣ ಮೊದಲ ಸಲ ಕಾರು ಒಯ್ದ ದಿನ ಅವನ ಹಳೇ ಗೆಳೆಯ, ಗಾಡಿಗಳಿಗೆ ಬಣ್ಣ ಹೊಡೆಯುವ ಪೇಂಟರ್, ಒಳಗೆ ಕೂತ. ಒಂದು ಚರಣವೂ ಮುಗಿದಿರಲಿಲ್ಲ, ಬಾಗಿಲು ತಳ್ಳಿಕೊಂಡು ಇಳಿದುಬಿಟ್ಟ.

“ಯಾಕೋ?” ಅಂದ ಜೋರಣ್ಣ.

“ಸೆಕೆ ಮಾರಾಯ, ಒಳಗೆ ಸೆಕೆ.”

ಅವತ್ತು ಮೋಡ ಕವಿದು ತಣ್ಣಗಿತ್ತು. ಜೋರಣ್ಣ ದಡ್ಡನಲ್ಲ. ಮನೆಗೆ ಬಂದವನೇ ಬಾಗಿಲಿನ ಮೂಲೆಯ ಪುಟ್ಟ ಸ್ಪೀಕರುಗಳನ್ನು ಕಿತ್ತು ಬೇರೆ ಹಾಕಿದ. ಸೀಟಿಯಂಥ ಸಣ್ಣ ಸದ್ದು ಸರಿಯಾಗಿ ಬರುತ್ತಿಲ್ಲ ಎಂಬುದು ಅವನ ತೀರ್ಮಾನ. ಇನ್ನಷ್ಟು ಏರಿಸಿದ. ತಂತಿ ಬದಲಿಸಿದ, ಮತ್ತೂ ಏರಿಸಿದ. ಅವನ ಕಿವಿಗೆ ಈಗಷ್ಟೇ ಹಾಡು ಹದಕ್ಕೆ ಬಂದಿತ್ತು. ಮುಂದಿನ ಭಾನುವಾರ ಪೇಂಟರ್ ಕಾರಿನ ಹತ್ತಿರವೇ ಸುಳಿಯಲಿಲ್ಲ.

ವಾಪಸ್ ಬರುವಾಗ ಪಕ್ಕದ ಸೀಟಿನಲ್ಲಿ ಹೆಂಡತಿ ಎಂದಿನಂತೆ ಶಾಲು ಕಿವಿಗೆ ಸುತ್ತಿಕೊಂಡು ಕೂತಿದ್ದಳು. ಗಾಳಿ ಆಗುವುದಿಲ್ಲ ಅವಳಿಗೆ ಎಂದು ಇವನ ನಂಬಿಕೆ. ಕಿಟಕಿ ಮುಚ್ಚಿದ್ದು ಅವತ್ತು ಇವನ ಕಣ್ಣಿಗೆ ಬಿತ್ತು.

“ಗಾಳಿ ಎಲ್ಲಿಂದ ಬರ್ತಿದೆಯೇ?” ಎಂದ.

ಆಕೆ ಶಾಲು ಬಿಚ್ಚಿದಳು. “ಗಾಳಿಯಲ್ಲ ರೀ. ನಿಮ್ಮ ಹಾಡು. ಹಲ್ಲು ಜುಂ ಅನ್ನುತ್ತೆ, ತಟ್ಟೆ ಮೇಲೆ ಮೊಳೆ ಗೀರಿದ ಹಾಗೆ. ಕಾರು ಕೆಟ್ಟಿಲ್ಲ. ನಿಮ್ಮ ಕಿವಿ ಕೆಟ್ಟಿದೆ.”

ಮನೆ ತಲುಪಿದವನೇ ಜೋರಣ್ಣ ಕಾರಿಗೆ ಟಾರ್ಪಾಲು ಹೊದಿಸಿದ. ಸ್ಕ್ರೂಡ್ರೈವರ್, ತಂತಿಯ ಸುರುಳಿ ಎಲ್ಲ ಗೋಣಿಚೀಲಕ್ಕೆ ತುಂಬಿದ. ನಾನು ಹೋದಾಗ ಗೋಡೆಗೆ ಒರಗಿ ಕೂತಿದ್ದ. “ಮಾರಿಬಿಡ್ತೀನಿ. ಕುರುಡ ಕನ್ನಡಿ ಇಟ್ಕೊಂಡು ಏನು ಮಾಡ್ತಾನೆ?” ಅಂದ. ಕಟ್ಟಿದ್ದೆಲ್ಲ ಕೈಬಿಡುವ ಮಾತು. ಲಾಠಿಯ ಎದುರೂ ಅವನ ಮುಖ ಅಷ್ಟು ಬಿಳಿಚಿದ್ದನ್ನು ನೋಡಿರಲಿಲ್ಲ. ಸಮಾಧಾನ ಹೇಳುವುದು ನನಗೆ ಬರುವ ಕೆಲಸವಲ್ಲ, ಗೋಣಿಚೀಲ ಸರಿಸಿ ಪಕ್ಕದಲ್ಲಿ ಕೂತೆ.

ಒಳಗೆ ಹೊಲಿಗೆ ಯಂತ್ರ ನಿಂತಿತು. ಅವನ ಹೆಂಡತಿ ದರ್ಜಿ, ಬೀದಿಯ ಅರ್ಧ ಜನರ ಬಟ್ಟೆ ಅವಳ ಕೈಯದೇ. ಯಂತ್ರದಲ್ಲಿ ಎಣ್ಣೆ ಒಣಗಿದರೆ ಸೂಜಿಯ ಟಿಕಟಿಕದಲ್ಲೇ ಕಂಡುಹಿಡಿಯುತ್ತಾಳೆ. ಹೊಸ್ತಿಲಿಗೆ ಬಂದು ನಿಂತಳು.

“ನಿಮ್ಮ ಕಿವಿ ಹೋದ್ರೆ ಹೋಯ್ತು, ನನ್ನ ಕಿವಿ ಎಲ್ಲಿ ಹೋಗಿತ್ತು?”

“ನಿನಗೇನೇ ಗೊತ್ತು ಸೌಂಡ್ ವಿಷಯ?”

“ಮದುವೆ ಆದಾಗಿಂದ ನಿಮ್ಮ ಗೊರಕೆ ಕೇಳಿದೀನಿ. ಅಂಥಾ ಸ್ಪೀಕರ್ ಪಕ್ಕ ಮಲಗಿದೋಳಿಗೆ ಇದೊಂದು ದೊಡ್ಡದಾ? ಟಾರ್ಪಾಲು ತೆಗೀರಿ.”

ಅವನು ಡ್ರೈವರ್ ಸೀಟಿನಲ್ಲಿ ಕೂತ. ಆಕೆ ಬಾಗಿಲು ತೆರೆದು, “ಒಳಗಿದ್ರೆ ನಿಮ್ಮ ಕಿವಿ ಮಾತೇ ಕೇಳ್ತೀರಾ. ಇಳೀರಿ ಕೆಳಗೆ!” ಎಂದು ಎಬ್ಬಿಸಿ, ತಾನು ಕೂತು, ಹಾಡು ಹಾಕಿ, ಎರಡು ಕೈಯಲ್ಲಿ ಬಾಗಿಲೆಳೆದುಕೊಂಡಳು. ಇವನು ಸದ್ದು ಹದ ಮಾಡುವ ಗುಬುಟುಗಳ ಡಬ್ಬಿಗೆ ಉದ್ದ ತಂತಿ ಜೋಡಿಸಿ ಬಾನೆಟ್ಟಿನ ಮೇಲಿಟ್ಟುಕೊಂಡು ನಿಂತ. ನಡುವೆ ಗಾಜು. ಇವನು ಕಿರುಚಿದರೆ ಅವಳಿಗೆ ಕೇಳದು, ಅವಳು ಕಿರುಚಿದರೆ ಇವನಿಗೆ ಕೇಳದು.

ಆಕೆ ಅಂಗೈ ಎತ್ತಿ ಕೆಳಗೊತ್ತಿದಳು. ಇಳಿಸು.

ಜೋರಣ್ಣನ ಬೆನ್ನು ತಾನಾಗಿ ನೆಟ್ಟಗಾಯಿತು. ಶೆಡ್ಡಿನಲ್ಲಿ ಸುತ್ತಿಗೆಯ ಮುಂದೆ ನಿಲ್ಲುತ್ತಿದ್ದದ್ದು ಹಾಗೆಯೇ. ಗುಬುಟು ತಿರುಗಿಸಿದ. ಇನ್ನೂ ಇಳಿಸು. ಮತ್ತೆ ಇಳಿಸು. ಅವನು ಈವರೆಗೆ ಏರಿಸಿದ್ದೆಲ್ಲ ಇಳಿದುಹೋಯಿತು. ಅವನ ಮಟ್ಟಿಗೆ ಆ ಹಾಡು ಪೂರ್ತಿ ಸತ್ತಿರಬೇಕು. ಕೈ ಮಾತ್ರ ತಡೆಯಲಿಲ್ಲ. ಆಕೆ ಕಣ್ಣು ಮುಚ್ಚಿದ್ದಳು. ಅಂಗೈ ಮೇಲೆ ಬಂತು. ಬೆರಳು ಚಿವುಟಿದಳು, ಕೂದಲೆಳೆಯಷ್ಟು. ಮತ್ತೊಂದು ಚಿವುಟು. ಆಮೇಲೆ ಮುಷ್ಟಿ.

ಇಳಿದು ಬಂದವಳು ಅವನ ಕಿವಿಯ ಹತ್ತಿರ ಬಾಯಿಟ್ಟು, “ಹಾಡೋಳು ಎರಡನೇ ಸಾಲಿಗೆ ಮುಂಚೆ ಉಸಿರು ತಗೋತಾಳೆ ರೀ” ಅಂದಳು.

“ತಗೋತಾಳಾ?”

“ಹೂಂ. ಚೆನ್ನಾಗಿ ಕೇಳ್ಸುತ್ತೆ.”

ಅವನು ಆ ಗುಬುಟಿನ ಮೇಲೆ ಅಂಟುಪಟ್ಟಿ ಸುತ್ತಿಬಿಟ್ಟ, ತನ್ನ ಕೈಯೇ ಮತ್ತೆ ತಿರುಗಿಸದಿರಲಿ ಎಂದು.

ಮುಂದಿನ ಭಾನುವಾರ ಬಯಲಿನಲ್ಲಿ ಪೇಂಟರನ ರಟ್ಟೆ ಹಿಡಿದು ಎಳೆದುಕೊಂಡು ಬಂದೆವು. “ಬೇಡ ಮಾರಾಯ, ನನ್ನ ಹಲ್ಲು ಮೊದಲೇ ಸಡಿಲ” ಅನ್ನುತ್ತಲೇ ಕೂತ. ಜೋರಣ್ಣ ಬಾನೆಟ್ಟಿನ ಮೇಲೆ ಅಂಗೈ ಊರಿ, ಗಾಜಿನ ಮೂಲಕ ಅವನ ಮುಖವನ್ನೇ ನೋಡುತ್ತಾ ನಿಂತ. ಚರಣ ಮುಗಿಯಿತು; ಪೇಂಟರ್ ಏಳಲಿಲ್ಲ. ಹಾಡು ಮುಗಿಯಿತು, ಆಗಲೂ ಏಳಲಿಲ್ಲ. ಅದೇ ಹಾಡನ್ನು ಮೊದಲಿನಿಂದ ಹಾಕಿಕೊಂಡ.

ಕೊನೆಗೆ ಇಳಿದು, “ಯಾರಪ್ಪ ಹದ ಮಾಡಿದ್ದು ಇದನ್ನ?” ಎಂದ.

ಜೋರಣ್ಣ ಕಿವಿಗೆ ಕೈ ಅಡ್ಡ ಹಿಡಿದ. “ಜೋರಾಗಿ ಹೇಳು!”

“ಯಾರು ಹದ ಮಾಡಿದ್ದು ಅಂದೆ!” ಪೇಂಟರ್ ಕೂಗಿದ. ಬಯಲಿನ ಜನವೆಲ್ಲ ತಿರುಗಿತು.

“ನನ್ನ ಹೆಂಡ್ತಿ!” ಸುತ್ತಿಗೆ ಶೆಡ್ಡಿನ ಆ ಗಂಟಲು ಗಿರಣಿಯ ಗೋಡೆಗೆ ಬಡಿದು ವಾಪಸ್ ಬಂತು.

ಕಾರಿನ ಪಕ್ಕ ನಿಂತಿದ್ದ ಆಕೆ ನೆಲ ನೋಡುತ್ತಾ ಅಂಗೈ ಎತ್ತಿ ಕೆಳಗೊತ್ತಿದಳು. ಇಳಿಸು ಅಂತ. ಅವತ್ತು ಅದೊಂದನ್ನು ಮಾತ್ರ ಅವನು ಕೇಳಲಿಲ್ಲ.