ಗಡಿಯಾರ ನೋಡದವನು ಎಂಬ ಮಾತು

ಭಾಗ್ಯಾ, ಭೀಮರಾಯಾ, ರಾಯಚೂರಿಗೆ ಬಂದು ನಾನು ಮೊದಲು ಕಾಲಿಟ್ಟ ಅಂಗಡಿಯ ಗೋಡೆಯ ಮೇಲೆ ನಲವತ್ತು ಗಡಿಯಾರಗಳಿದ್ದವು. ಎಲ್ಲದಕ್ಕೂ ಒಂದೊಂದೇ ಮುಳ್ಳು. ಒಂದೂ ನಡೆಯುತ್ತಿರಲಿಲ್ಲ. ಇಷ್ಟು ಕೆಟ್ಟ ಗಡಿಯಾರ ಇಟ್ಟುಕೊಂಡು ಈ ಊರಿನವರು ಬಸ್ಸು ಹೇಗೆ ಹಿಡಿಯುತ್ತಾರೋ ಅಂದುಕೊಂಡು ಕಸಬರಿಗೆ ಕೈಗೆತ್ತಿಕೊಂಡೆ. ಅಲ್ಲಿ ನನ್ನ ಕೆಲಸ ಕಸ ಗುಡಿಸುವುದಾಗಿತ್ತು.

ನಿಮ್ಮ ಮುತ್ಯಾ, ಅಂದರೆ ನನ್ನ ಗಂಡ, ತೀರಿ ಆಗ ನಾಲ್ಕು ತಿಂಗಳು. ಅವರು ರಾಯಚೂರಿನ ಹೊರಗಿನ ಒಂದು ಅಕ್ಕಿ ಮಿಲ್ಲಿನಲ್ಲಿ ಬಾಯ್ಲರಿಗೆ ಹೊಟ್ಟು ಹಾಕುತ್ತಿದ್ದರು. ನಾನು ನಮ್ಮೂರು ಗಬ್ಬೂರಿನಲ್ಲೇ ಇದ್ದೆ. ಅಮಾವಾಸ್ಯೆಗೆ ಊರಿಗೆ ಬಂದವರು ಮರುದಿನ ಹೊರಟಾಗ, ಇನ್ನೊಂದು ರೊಟ್ಟಿ ತಿಂದು ಹೋಗಿ ಎಂದು ನಾನೇ ಕೂಡಿಸಿದೆ. ಮೊದಲ ಬಸ್ಸು ತಪ್ಪಿತು. ಎರಡನೆಯದಕ್ಕೆ ಹೋದರು. ಅಂದು ಮಧ್ಯಾಹ್ನ ಬಾಯ್ಲರಿನ ಪೈಪು ಒಡೆದು ಹಬೆಯಲ್ಲಿ ಬೆಂದುಹೋದರು.

ಮಣ್ಣು ಮಾಡಿದ ಮೂರನೆಯ ದಿನ ಮಿಲ್ಲಿನ ಮೇಸ್ತ್ರಿ ಶಿವರಾಜಪ್ಪ ಒಂದು ಕಾಗದ ತಂದ. "ಓದಿ ಸಹಿ ಹಾಕವ್ವಾ" ಎಂದ. ನಾಲ್ಕನೆಯ ಇಯತ್ತೆ ಕಲಿತವಳು ನಾನು, ಓದಿದೆ. "ಗಡಿಯಾರ ನೋಡದೆ ಇದ್ದುದರಿಂದ ಈ ಅನಾಹುತವಾಗಿದೆ" ಎಂದು ಬರೆದಿತ್ತು. ಅಕ್ಷರ ಎಲ್ಲ ತಿಳಿಯಿತು. ಹೊತ್ತು ನೋಡದೆ ತಡವಾಗಿ ಹೋದದ್ದು ನಿಜ, ತಡ ಮಾಡಿಸಿದವಳೂ ನಾನೇ. ತಲೆ ತಗ್ಗಿಸಿ ಸಹಿ ಹಾಕಿದೆ.

ಊರಿನಲ್ಲಿ ಇರಲಾಗಲಿಲ್ಲ. ನಿಮ್ಮ ಅವ್ವನನ್ನು ಸೊಂಟದ ಮೇಲಿಟ್ಟುಕೊಂಡು ರಾಯಚೂರಿಗೆ ಬಂದೆ. ಗಬ್ಬೂರಿನಲ್ಲಿ ಬಾಗಿಲು ಬರೇ ಎಳೆದುಕೊಂಡು ಹೋದರೂ ನೆರೆಯವರು ನೋಡಿಕೊಳ್ಳುತ್ತಿದ್ದರು. ಇಲ್ಲಿ ಬಾಡಿಗೆ ಕೋಣೆಗೆ ಬೀಗ ಹಾಕಿದ ಮೇಲೂ ಎಳೆದು ನೋಡಬೇಕು. ಅಲ್ಲಿ ಮಂದಿಯ ಮಾತು ಒಂದೇ, ಇಲ್ಲಿ ಅಂಗಡಿಯ ಮುಂದೆ ನಿಂತರೆ ಉರ್ದು, ತೆಲುಗು, ಕನ್ನಡ ಮೂರೂ ಒಂದೇ ಬಾಯಲ್ಲಿ ಬರುತ್ತವೆ. ಮುಳ್ಳಿಗೆ ಇವರು ಕಾಂಟಾ ಎನ್ನುತ್ತಾರೆ. ನಾನು ಆರು ತಿಂಗಳು ಬಾಯಿ ಬಿಡಲಿಲ್ಲ. ಅಂಗಡಿಯ ಮೆಹಬೂಬ್‌ಸಾಬ್, ಎಲ್ಲರ ಚಾಚಾ, ನನ್ನನ್ನು ಮೂಕಿ ಎಂದೇ ತಿಳಿದಿದ್ದರಂತೆ.

ಒಂದು ದಿನ ಮಿಲ್ಲಿನವನೊಬ್ಬ ಬಂದು, "ಚಾಚಾ, ನಮ್ಮ ಬಾಯ್ಲರಿನ ಗಡಿಯಾರ ನಿಂತದ ನೋಡ್ರಿ" ಎಂದ.

ನನಗೆ ಬಾಯಿ ತಡೆಯಲಿಲ್ಲ. "ಹೊಸಾ ಸೆಲ್ ಹಾಕ್ರಿ" ಎಂದೆ.

"ಮೂಕಿ ಮಾತಾಡಿದ್ಳಲ್ಲೋ" ಎಂದು ಚಾಚಾ ನಕ್ಕರು. ಬಂದವನು ಬೆಂಚಿನ ಮೇಲೆ ಉರುಳಿ ನಕ್ಕ. ಆಮೇಲೆ ಚಾಚಾ ತಿಳಿಸಿ ಹೇಳಿದರು. "ಇದು ಹೊತ್ತು ತೋರಿಸಂಗಿಲ್ಲ ಬೇಟಿ. ಒಳಗ ಹಬಿ ಎಷ್ಟು ಒತ್ತಾಕತ್ತದ ಅಂತ ತೋರಿಸ್ತದ. ಮಿಲ್ಲಿನ ಮಂದಿ ಇದಕ್ಕ ಗಡಿಯಾರ ಅಂತಾರ."

ಆ ಕಾಗದದ ಮಾತನ್ನು ಹೇಳಿದೆ, ಮಿಲ್ಲು ಯಾವುದೆಂದೂ ಹೇಳಿದೆ. ಚಾಚಾ ಕೈಯಲ್ಲಿದ್ದ ಗಡಿಯಾರವನ್ನು ಮೇಜಿನ ಮೇಲಿಟ್ಟು ಹೇಳಿದರು. "ಆ ಅನಾಹುತ ಆದ ಮ್ಯಾಲ ಆ ಗಡಿಯಾರ ನನ್ನ ಕಡೆ ರಿಪೇರಿಗೆ ಬಂದಿತ್ತು. ಅದರ ಪೈಪಿನ್ಯಾಗ ನೀರಿನ ಸುಣ್ಣ ಕಟ್ಟಿ ಕಲ್ಲಾಗಿತ್ತು. ಒಳಗ ಎಷ್ಟು ಏರಿದ್ರೂ ಕಾಂಟಾ ಇದ್ದಲ್ಲೇ ಇರ್ತಿತ್ತು. ನಿನ್ನ ಗಂಡ ಕಣ್ಣಾಗ ಕಣ್ಣಿಟ್ಟು ನೋಡಿದ್ರೂ ತಿಳೀತಿದ್ದಿಲ್ಲ."

"ಮತ್ತ ಯಾರಿಗೂ ಯಾಕ ಹೇಳ್ಲಿಲ್ರಿ?"

"ಯಾರೂ ಕೇಳ್ಲಿಲ್ಲ."

ಆ ಉತ್ತರಕ್ಕೆ ಚಾಚಾನನ್ನೂ ನಾನು ಪೂರ್ತಿ ಕ್ಷಮಿಸಿಲ್ಲ. ಆದರೆ ಅವರಿಂದಲೇ ಕಲಿತೆ. ಬಾಯ್ಲರು ಹತ್ತರ ಒತ್ತಡದಲ್ಲಿ ನಡೆಯುವುದಾದರೆ ಇಪ್ಪತ್ತರವರೆಗೆ ಅಂಕಿ ಇರುವ ಗಡಿಯಾರ ಆರಿಸಬೇಕು, ಮುಳ್ಳು ನಡು ಮುಖದಲ್ಲಿ ನಿಲ್ಲಬೇಕು. ಬಿಸಿ ಹಬೆ ನೇರ ಒಳಗೆ ಹೋಗದಂತೆ ನಡುವೆ ಸುರುಳಿ ಪೈಪು ಕೂಡಿಸಿ ನೀರು ತುಂಬಬೇಕು. ತೋಟಿ, ಅಂದರೆ ಪೈಪಿನ ನಲ್ಲಿ, ತಿರುಗಿಸಿ ಹಬೆ ತಡೆದರೆ ಮುಳ್ಳು ಸೊನ್ನೆಗೆ ಬೀಳಬೇಕು, ಮತ್ತೆ ಬಿಟ್ಟರೆ ಥಟ್ಟನೆ ಏಳಬೇಕು. ನಿಧಾನ ಎದ್ದರೆ ಪೈಪು ಕಟ್ಟುತ್ತಿದೆ ಎಂದು ಅರ್ಥ. ವರ್ಷಗಳು ಕಳೆದು ಚಾಚಾನ ಕಣ್ಣು ಮಂಜಾದ ಮೇಲೆ ಪರೀಕ್ಷೆ ಮಾಡಿ, ಗಡಿಯಾರ ಸರಿ ಇದೆ ಎಂಬ ಚೀಟಿಗೆ ಸಹಿ ಹಾಕುವ ಕೆಲಸ ನನಗೇ ಬಂತು. ಪ್ರತಿ ಗಡಿಯಾರ ತೊಳೆಯುವಾಗಲೂ ಶಿವರಾಜಪ್ಪನ ಮುಖ ನೆನೆಯುತ್ತಿದ್ದೆ. ದ್ವೇಷ ನನ್ನ ಕೈಯನ್ನು ಚುರುಕು ಮಾಡಿತು.

ಹೋದ ಸುಗ್ಗಿಯಲ್ಲಿ ಅವನೇ ಬಂದ. ಈಗ ಮಾನ್ವಿಯ ಹತ್ತಿರ ಸ್ವಂತ ಮಿಲ್ಲು. ನನ್ನ ಗುರುತು ಹತ್ತಲಿಲ್ಲ. ಗಡಿಯಾರವನ್ನೂ ಸುರುಳಿ ಪೈಪನ್ನೂ ಮೇಜಿನ ಮೇಲಿಟ್ಟ. ಪೈಪಿಗೆ ತಂತಿ ತೂರಿಸಿದೆ, ಅರ್ಧಕ್ಕೇ ನಿಂತಿತು. ಒಳಗೆ ಸುಣ್ಣ.

"ನಾಳಿ ಸರಕಾರದ ಸಾಹೇಬ್ರು ಬಾಯ್ಲರ್ ನೋಡಾಕ ಬರ್ತಾರ. ಸಹಿ ಹಾಕವ್ವಾ, ಸೀಸನ್ ಮುಗಿದ ಮ್ಯಾಲ ಪೈಪ್ ಬದಲಿ ಮಾಡ್ತೀನಿ."

"ಹಿಂದ ಗಬ್ಬೂರಿನಾಗೂ ಹಿಂಗಽ ಸಹಿ ಹಾಕು ಅಂದಿದ್ರಿ."

ಅವನ ಮುಖ ಬಿಳಿಚಿತು. ಆದರೆ ವ್ಯಾಪಾರದ ಮನುಷ್ಯ, ಬೇಗ ಸುಧಾರಿಸಿಕೊಂಡ. "ಆ ಕಾಗದ ತಪ್ಪಾಗಿತ್ತವ್ವಾ. ಪೈಪು ಕಟ್ಟಿತ್ತು, ಅವನ ತಪ್ಪಿಲ್ಲ ಅಂತ ಈಗಽ ಬರ್ದು ಕೊಡ್ತೀನಿ. ನೀ ಈ ಚೀಟಿಗೆ ಸಹಿ ಹಾಕು." ನಮ್ಮದೇ ಹಾಳೆ ತೆಗೆದುಕೊಂಡು ಬರೆಯತೊಡಗಿದ.

ಮಕ್ಕಳೇ, ನಾನು ಬದುಕಿದ್ದೇ ಆ ಹಾಳೆಗಾಗಿ. ಒಂದು ಸಹಿಗೆ ಅದು ನನ್ನದಾಗುತ್ತಿತ್ತು. ಅವನ ಬಾಯ್ಲರು ಒಡೆದು ಅವನೇ ಬೆಂದುಹೋಗಲಿ ಎಂದೂ ಒಂದು ಗಳಿಗೆ ಆಸೆಯಾಯಿತು, ಮುಚ್ಚಿಡುವುದಿಲ್ಲ. ಆದರೆ ಮಾಲೀಕರು ಬಾಯ್ಲರಿನ ಮುಂದೆ ನಿಲ್ಲುವುದಿಲ್ಲ.

"ನಿಮ್ಮಲ್ಲಿ ಬಾಯ್ಲರ್ ಮುಂದ ಯಾರು ನಿಂದಿರ್ತಾರ?" ಎಂದೆ.

"ಯಾವನೋ ಕಲ್ಲೂರಿನವ. ಅವನ ಹೆಸರು ತಗೊಂಡು ನೀ ಏನ್ ಮಾಡ್ತಿ?"

ಚೀಟಿಯ ಮೇಲೆ "ನಾಪಾಸು" ಎಂದು ಬರೆದೆ. ಅವನು ಬರೆದಿದ್ದ ಹಾಳೆಯನ್ನು ನನ್ನ ಕಣ್ಣೆದುರೇ ನಾಲ್ಕಾಗಿ ಹರಿದು ಜೇಬಿಗೆ ಹಾಕಿಕೊಂಡ. ಚೂರು ಸಹ ಬಿಡಲಿಲ್ಲ.

ಚೀಟಿಯಿಲ್ಲದೆ ಮಿಲ್ಲು ನಡೆಯದು, ಅವನು ಹೊಸ ಗಡಿಯಾರ, ಹೊಸ ಪೈಪು ಕೊಳ್ಳಲೇಬೇಕಾಯಿತು. ಕೂಡಿಸಿದ್ದನ್ನು ಕಣ್ಣಾರೆ ನೋಡದೆ ಚೀಟಿ ಕೊಡುವುದಿಲ್ಲ ಎಂದು ನಾನೇ ಮಾನ್ವಿಗೆ ಬಸ್ಸು ಹತ್ತಿದೆ. ಬಾಯ್ಲರು ಆರಲು ಎರಡು ದಿನ ಬೇಕಾಯಿತು. ಬೇಯಿಸಲಾಗದೆ ತೊಟ್ಟಿಯಲ್ಲಿ ನೆನೆಸಿದ ಅವನ ಭತ್ತ ಹುಳಿತು ನಾರುತ್ತಿತ್ತು. ಎಲ್ಲರೂ ಮೂಗು ಮುಚ್ಚಿಕೊಂಡರು. ನಾನು ಕುರ್ಚಿ ಹಾಕಿಸಿಕೊಂಡು ಆ ವಾಸನೆಯನ್ನು ಎದೆ ತುಂಬ ಎಳೆದುಕೊಂಡೆ.

ಕೂಡಿಸಿ ಮುಗಿದ ಮೇಲೆ ಕಲ್ಲೂರಿನವನನ್ನು ಕರೆದೆ. ಅವನ ಹೆಸರು ಯಂಕಪ್ಪ. ಹತ್ತು ಗಂಡಸರ ನಡುವೆ ಎಂದೂ ಮಾತಾಡದ ನಾನು, ಶಿವರಾಜಪ್ಪ ಕೇಳುವಂತೆಯೇ ಹೇಳಿದೆ. "ದಿನಾ ಮುಂಜಾನಿ ತೋಟಿ ತಿರುವಿ ನೋಡಪಾ. ಕಾಂಟಾ ಬಿದ್ದು ಏಳ್ಲಿಲ್ಲ ಅಂದ್ರ ಬೆಂಕಿ ಆರಿಸಿ ಹೊರಗ ನಡಿ, ಈ ಸಾಹುಕಾರ ಏನಂದ್ರೂ ನಿಂದರಬ್ಯಾಡ. ಇವ್ರು ಮೇಸ್ತ್ರಿ ಇದ್ದಾಗ ಕಟ್ಟಿದ ಪೈಪಿನ ಮುಂದ ಒಬ್ಬವ ಸತ್ತ. ತಪ್ಪು ಅವನ ತಲಿ ಮ್ಯಾಲ ಹಾಕಿದ್ರು. ಅವನ ಹೆಸರು ಹನುಮಂತ."

ಗಂಡನ ಹೆಸರು ಹೇಳಬಾರದೆಂಬುದು ನಮ್ಮ ಕಡೆಯ ರೂಢಿ. ಅಂದೇ ಮೊದಲು ನನ್ನ ಬಾಯಿಂದ ಬಂತು. ಶಿವರಾಜಪ್ಪ ತಲೆ ಎತ್ತಲಿಲ್ಲ. ನನಗೆ ಅಷ್ಟಕ್ಕೆ ಹೊಟ್ಟೆ ತುಂಬಲಿಲ್ಲ, ಈಗಲೂ ತುಂಬಿಲ್ಲ.

ಗಬ್ಬೂರಿಗೆ ಹೋದರೆ ನಾನು ಇವತ್ತಿಗೂ ಕೆಲಸದ ಮೇಲೆ ಮೈಮರೆತವನ ಹೆಂಡತಿ. ರಾಯಚೂರಿನಲ್ಲಿ ಗೌರವವಿದೆ, ಆದರೆ ನಿಮ್ಮ ಮುತ್ಯಾನನ್ನು ಕಂಡವರು ಇಲ್ಲಿ ಯಾರೂ ಇಲ್ಲ. ಅವರನ್ನು ಬಲ್ಲ ಊರು ನನ್ನನ್ನು ನಂಬುವುದಿಲ್ಲ, ನನ್ನನ್ನು ನಂಬುವ ಊರು ಅವರನ್ನು ಅರಿಯದು. ಎರಡರ ನಡುವೆ ಬಸ್ಸಿನಲ್ಲಿ ಕೂತಾಗ ಮಾತ್ರ ನಾವಿಬ್ಬರೂ ಜೊತೆಗಿರುತ್ತೇವೆ.

ನಾನು ಸಹಿ ಹಾಕಿದ ಕಾಗದ ಆ ಹಳೇ ಮಿಲ್ಲಿನ ಯಾವುದೋ ಕಡತದಲ್ಲಿ ಇನ್ನೂ ಇರಬೇಕು. ಅದಕ್ಕೆ ಎದುರಾಗಿ ಈ ಲೋಕದಲ್ಲಿ ಇರುವುದು ಈ ಹಾಳೆಗಳಷ್ಟೇ. ಮಳೆಗೆ, ಗೆದ್ದಲಿಗೆ ಕೊಡಬೇಡಿ, ಜೋಪಾನವಾಗಿಡಿ.