ಕಪ್ ಮುಳುಗಿಸಿದ ಹೆಡ್‌ಕ್ಲಾರ್ಕರು

ನಮ್ಮ ಹೆಡ್‌ಕ್ಲಾರ್ಕರ ಬಲಗಾಲಿನ ಚಪ್ಪಲಿ ವರ್ಷಕ್ಕೆ ಎರಡು ಮೂರು ಸಲ ಕಿತ್ತುಹೋಗುತ್ತಿತ್ತು. ಎಡಗಾಲಿನದಕ್ಕೆ ಏನೂ ಆಗುತ್ತಿರಲಿಲ್ಲ. ಕಾರಣ ಇಡೀ ಕಾಲೇಜಿಗೆ ಗೊತ್ತಿತ್ತು. ಮೈದಾನದಲ್ಲಿ ನಮ್ಮ ಹುಡುಗರು ಗೋಲಿನ ಮುಂದೆ ಚೆಂಡು ಇಟ್ಟುಕೊಂಡು ತಡಬಡಿಸುವಾಗ, ಕಟ್ಟೆಯ ಮೇಲೆ ಕೂತ ಇವರ ಬಲಗಾಲು ತಾನಾಗಿಯೇ ಗಾಳಿಗೆ ಒದೆಯುತ್ತಿತ್ತು. ಚಪ್ಪಲಿ ಹಾರಿ ಎಲ್ಲೋ ಬೀಳುತ್ತಿತ್ತು. ಐವತ್ತು ದಾಟಿದ, ದಪ್ಪ ಕನ್ನಡಕದ, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿಯ ಆ ಮನುಷ್ಯ ಒಂಟಿ ಕಾಲಿನಲ್ಲಿ ಕುಪ್ಪಳಿಸುತ್ತ ಚಪ್ಪಲಿ ತರಲು ಹೋಗುವುದನ್ನು ನೋಡಲೆಂದೇ ಕೆಲವರು ಪಂದ್ಯಕ್ಕೆ ಬರುತ್ತಿದ್ದರು.

ಪುಣೆಯ ಹಳೆಯ ಭಾಗದಲ್ಲಿ ಎರಡೇ ಕಟ್ಟಡಗಳ ಕಾಲೇಜು ನಮ್ಮದು. ಅಂಥವೇ ಎಂಟು ಸಣ್ಣ ಕಾಲೇಜುಗಳು ಸೇರಿ ಪ್ರತಿ ವರ್ಷ ಒಂದು ಫುಟ್‌ಬಾಲ್ ಲೀಗ್ ನಡೆಸುತ್ತಿದ್ದವು. ಪತ್ರಿಕೆಗಳಲ್ಲಿ ಅದರ ಸುದ್ದಿ ಬಂದದ್ದು ನಾನು ಕಾಣೆ. ಎಂಟರಲ್ಲಿ ನಾವು ಸಾಮಾನ್ಯವಾಗಿ ಎಂಟನೆಯವರು, ದೇವರು ಕಣ್ಣು ಬಿಟ್ಟರೆ ಏಳನೆಯವರು. ತೊಂಬತ್ತರ ದಶಕದ ನಡುವೆ ನಾನು ಆ ಕಾಲೇಜಿನ ಕಚೇರಿಗೆ ಜೂನಿಯರ್ ಕ್ಲಾರ್ಕ್ ಆಗಿ ಸೇರಿದೆ. ಮೊದಲ ದಿನ ಅರ್ಜಿಗಳನ್ನು ಬಾಯಲ್ಲೇ ಕನ್ನಡದಲ್ಲಿ ಎಣಿಸುತ್ತಿದ್ದೆ. ಹಿಂದಿನಿಂದ ಧ್ವನಿ ಬಂತು.

“ಯಾವೂರವ್ವಾ ತಂಗೀ ನಿಂದು?”

ಅಪ್ಪ ವಿಜಾಪುರದ ಕಡೆಯವರು, ರವಿವಾರ ಪೇಠೆಯ ಬಟ್ಟೆ ಅಂಗಡಿಯಲ್ಲಿ ಗುಮಾಸ್ತರು ಎಂದೆ. ತಮ್ಮದು ಧಾರವಾಡ ಎಂದರು. ನಮ್ಮ ಮನೆಯಲ್ಲಿ ಎಷ್ಟು ಜನ, ಮದುವೆ ಆಗಿದೆಯೋ ಇಲ್ಲವೋ ಎಂದೆಲ್ಲ ಕೇಳಬಹುದು ಎಂದುಕೊಂಡೆ. ಅವರ ಎರಡನೆಯ ಪ್ರಶ್ನೆಯೇ ಬೇರೆ ಇತ್ತು.

“ಫುಟ್‌ಬಾಲ್ ನೋಡ್ತೀಯೇನು?”

“ಇಲ್ರಿ.”

“ನೋಡೂವಂತಿ. ಇಲ್ಲಿ ಮತ್ತೇನ್ ಅದ ನೋಡ್ಲಿಕ್ಕೆ?”

ಹಾಗೆ ನಾನು ಅಭಿಮಾನಿಯಾದೆ. ಖಾಯಂ ಅಭಿಮಾನಿಗಳೆಂದರೆ ನಾಲ್ಕೇ ಜನ: ಹೆಡ್‌ಕ್ಲಾರ್ಕರು, ಕ್ಯಾಂಟೀನಿನ ಮಾಲೀಕ, ಗ್ರಂಥಾಲಯದ ಸಿಪಾಯಿ, ನಾನು. ಪಂದ್ಯದ ಮರುದಿನ ಬೆಳಿಗ್ಗೆ ಕೌಂಟರ್ ತೆರೆಯುವ ಮೊದಲು ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ನಮ್ಮ ಸಭೆ ಸೇರುತ್ತಿತ್ತು. ಹೆಡ್‌ಕ್ಲಾರ್ಕರು ಅದಕ್ಕೆ ಪಂಚನಾಮೆ ಎನ್ನುತ್ತಿದ್ದರು. ಹಿಂದಿನ ದಿನದ ಸೋಲನ್ನು ಮಧ್ಯದಲ್ಲಿ ಮಲಗಿಸಿ, ಯಾರ ಕೈಯಿಂದ ಸತ್ತಿತು ಎಂದು ವಿಚಾರಿಸುವುದು. ಕೊನೆಗೆ ಅವರು ಒಬ್ಬೊಬ್ಬ ಆಟಗಾರನಿಗೂ ಫಲಿತಾಂಶ ಹೇಳುತ್ತಿದ್ದರು: ಇವನು ಪಾಸ್, ಇವನು ನಪಾಸ್, ಗೋಲ್‌ಕೀಪರನಿಗೆ ಎಟಿಕೆಟಿ. ಒಂದು ವಿಷಯದಲ್ಲಿ ನಪಾಸಾದರೂ ಮುಂದಿನ ತರಗತಿಗೆ ಬಿಡುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ನಮ್ಮ ಗೋಲ್‌ಕೀಪರ್ ನಾಲ್ಕು ವರ್ಷ ಎಟಿಕೆಟಿಯಲ್ಲೇ ಕಳೆದ.

ಆ ಸಭೆಯಲ್ಲಿ ಆಟಗಾರರನ್ನು ಬೈಯುವಂತಿರಲಿಲ್ಲ. “ಬೈಯೋದಾದ್ರ ಮೈದಾನದಾಗ ಬೈರಿ, ಅವರಿಗೆ ಕೇಳೂ ಹಂಗ. ಬೆನ್ನ ಹಿಂದ ಬೈಯೋದು ಗಂಡಸ್ತನ ಅಲ್ಲ” ಎನ್ನುತ್ತಿದ್ದರು. ಆಮೇಲೆ ನನ್ನ ಕಡೆ ನೋಡಿ, “ಹೆಂಗಸ್ತನಾನೂ ಅಲ್ಲ” ಎಂದು ಸೇರಿಸುತ್ತಿದ್ದರು.

ನಾನು ಸೇರಿದ ಮರುವರ್ಷ ಬೆಳಗಾವಿಯಿಂದ ಒಬ್ಬ ವಿದ್ಯಾರ್ಥಿ ಬಂದ. ಕಾತ್ರಜದಲ್ಲಿ ಮಾವನ ಮನೆಯಲ್ಲಿದ್ದುಕೊಂಡು ಬಿ.ಕಾಂ. ಓದುತ್ತಿದ್ದ. ಅವನು ಮುಂದೆ ನಿಂತು ಆಡತೊಡಗಿದ ಮೇಲೆ ನಮಗೆ ಗೋಲು ಹೊಡೆಯುವುದೆಂದರೆ ಏನೆಂದು ತಿಳಿಯಿತು. ಚೆಂಡು ಅವನ ಕಾಲಿಗೆ ಬಂದರೆ ಹೆಡ್‌ಕ್ಲಾರ್ಕರು ಮಾತು ನಿಲ್ಲಿಸಿ ನನ್ನ ಮೊಣಕೈ ಹಿಡಿದುಕೊಳ್ಳುತ್ತಿದ್ದರು. ಸರಕಾರಿ ಖಾತೆಯೊಂದರ ತಂಡ ಆಗಲೇ ಅವನನ್ನು ಪರೀಕ್ಷಿಸಿ ನೋಡಿತ್ತು. ಲೀಗ್ ಮುಗಿಸಿ ಪ್ರಮಾಣಪತ್ರ ತಂದರೆ ಆಟಗಾರರ ಕೋಟಾದಲ್ಲಿ ನೌಕರಿ ಎಂದಿತ್ತು. ಅವನ ತಂದೆ ಇರಲಿಲ್ಲ. ಆ ನೌಕರಿಯೇ ಅವನ ಮನೆಗೆ ಮುಂದಿನ ದಾರಿ.

ಬೇರೆ ರಾಜ್ಯದಲ್ಲಿ ಪಾಸಾಗಿ ಬಂದವರು ಎಲಿಜಿಬಿಲಿಟಿ ಫಾರ್ಮ್ ತುಂಬಬೇಕು. ಅದು ವಿಶ್ವವಿದ್ಯಾಲಯಕ್ಕೆ ಹೋಗದಿದ್ದರೆ ಪ್ರವೇಶವೇ ಪಕ್ಕಾ ಅಲ್ಲ. ಆ ಕೌಂಟರ್ ನನ್ನದು. ಕೊನೆಯ ದಿನ ಮಧ್ಯಾಹ್ನ ಅವನು ಆಟದ ಬಟ್ಟೆಯಲ್ಲೇ ಓಡಿ ಬಂದು ಫಾರ್ಮ್ ಕೊಟ್ಟ. ಪ್ರಾಚಾರ್ಯರ ಸಹಿ ಒಂದು ಬೇಕಿತ್ತು. “ನಾ ಮಾಡಸ್ತೀನಿ, ನೀ ಹೋಗು” ಎಂದೆ. ಅವನ ಹಿಂದೆಯೇ ಹೆಡ್‌ಕ್ಲಾರ್ಕರು ಕೊಡೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ನಡೀ ತಂಗೀ, ಕೌಂಟರ್ ಮುಚ್ಚು. ಅರ್ಧಾ ತಾಸು ಮೊದಲ ಮುಚ್ಚಿದ್ರ ಯುನಿವರ್ಸಿಟಿ ಮುಳುಗೂದಿಲ್ಲ.”

ನಾನು ಫಾರ್ಮನ್ನು ಡ್ರಾಯರಿಗೆ ತಳ್ಳಿ ಎದ್ದೆ. ನಾಳೆ ಸಹಿ ಮಾಡಿಸಿದರಾಯಿತು, ಒಂದು ದಿನ ತಡವಾದರೆ ಯಾರೂ ಕೇಳುವುದಿಲ್ಲ ಎಂದುಕೊಂಡೆ. ಸಂಜೆ ಕಚೇರಿಯ ಸಿಪಾಯಿ ಉಳಿದ ಫಾರ್ಮುಗಳ ಗಂಟು ಒಯ್ದು ವಿಶ್ವವಿದ್ಯಾಲಯಕ್ಕೆ ಮುಟ್ಟಿಸಿದ.

ಆ ದಿನದ್ದು ಲೀಗಿಗೆ ಮುಂಚಿನ ಸ್ನೇಹಪಂದ್ಯ, ನಾವು ಮೂರು ಗೋಲಿನಿಂದ ಗೆದ್ದೆವು. ಮೂರೂ ಬೆಳಗಾವಿಯವನದು. ಹೆಡ್‌ಕ್ಲಾರ್ಕರ ಚಪ್ಪಲಿ ಹಾರಿ ರೆಫರಿಯ ಹತ್ತಿರ ಬಿತ್ತು, ಅವನು ಅದನ್ನೆತ್ತಿ ಎಚ್ಚರಿಕೆ ಕೊಟ್ಟ. ಕ್ಯಾಂಟೀನಿನವನು ಎಲ್ಲರಿಗೂ ಬಿಟ್ಟಿ ವಡಾಪಾವ್ ಕೊಟ್ಟ. ನನ್ನ ಬಾಳಿನಲ್ಲಿ ಅಷ್ಟು ಹಗುರವಾಗಿ ನಕ್ಕ ಸಂಜೆ ಇನ್ನೊಂದಿಲ್ಲ. ಮರುದಿನದ ಪಂಚನಾಮೆ ಹನ್ನೊಂದರವರೆಗೂ ನಡೆಯಿತು. ಫಾರ್ಮು ನನ್ನ ತಲೆಯಿಂದ ಹಾರಿಹೋಗಿತ್ತು.

ಎಂಟು ದಿನಗಳ ನಂತರ ಲೀಗಿನವರಿಗೆ ಆಟಗಾರರ ಪಟ್ಟಿ ಕಳಿಸುವುದಿತ್ತು. ಸಹಿ ಹಾಕುವ ಮುಂಚೆ ಹೆಡ್‌ಕ್ಲಾರ್ಕರು ಕೇಳಿದರು, “ಎಲ್ಲಾರ ಫಾರ್ಮೂ ಹೋಗ್ಯಾವಲಾ?” ನಾನು ಟೈಪ್ ಮಾಡುತ್ತಿದ್ದೆ. ತಲೆ ಎತ್ತದೆ “ಹೌದ್ರಿ” ಎಂದೆ. ಅವರು ಸಹಿ ಹಾಕಿದರು.

ಏಳು ಪಂದ್ಯಗಳಲ್ಲಿ ಆರು ಗೆದ್ದೆವು, ಒಂದು ಸಮ. ಕಾಲೇಜು ಹುಟ್ಟಿದಂದಿನಿಂದ ಮೊದಲ ಸಲ ಮೇಲಿನ ಸ್ಥಾನ. ಕಪ್ ಇಡಲು ಪ್ರಾಚಾರ್ಯರ ಕೋಣೆಯಲ್ಲಿ ಗಾಜಿನ ಕಪಾಟು ಖಾಲಿ ಮಾಡಿಸಿದರು. ಎರಡನೆಯ ಸ್ಥಾನದ ಕಾಲೇಜಿನವರು ಸುಮ್ಮನಿರಲಿಲ್ಲ, ವಿಶ್ವವಿದ್ಯಾಲಯಕ್ಕೆ ಹೋಗಿ ನಮ್ಮ ಆಟಗಾರರ ಕಾಗದಗಳನ್ನು ತೆಗೆಸಿದರು. ಬೆಳಗಾವಿಯವನದು ಅಲ್ಲಿ ಇರಲಿಲ್ಲ. ಅವನು ಆಡಿದ ಪಂದ್ಯಗಳೆಲ್ಲ ಸೋಲು ಎಂದು ಬರೆದರು. ನಾವು ಮತ್ತೆ ಎಂಟನೆಯವರಾದೆವು. ಅವನ ಪ್ರಮಾಣಪತ್ರ ಹೋಯಿತು, ಪ್ರವೇಶ ರದ್ದಾಗಿ ವರ್ಷವೂ ಹೋಯಿತು.

ಸುದ್ದಿ ಬಂದ ದಿನ ಡ್ರಾಯರ್ ತೆರೆದೆ. ಫಾರ್ಮು ಅಲ್ಲೇ ಇತ್ತು, ಮಡಿಕೆ ಕೂಡ ಆಗಿರಲಿಲ್ಲ. ಹೆಡ್‌ಕ್ಲಾರ್ಕರ ಮುಂದೆ ಇಟ್ಟೆ. ಅವರು ಅದರ ಮೇಲಿನ ತಾರೀಖು ಓದಿದರು. ಆಮೇಲೆ ತಮ್ಮ ಫೈಲಿನೊಳಗೆ ಇಟ್ಟುಕೊಂಡು ಪ್ರಾಚಾರ್ಯರ ಕೋಣೆಗೆ ಹೋದರು. ನಾನು ಹೊರಗೆ ನಿಂತೆ. ಬಾಗಿಲು ತೆರೆದೇ ಇತ್ತು. ಒಳಗೆ ಅವರು ಮರಾಠಿಯಲ್ಲಿ ಹೇಳಿದ್ದು ಪೂರ್ತಿ ಕೇಳಿಸಿತು: “ಫಾರ್ಮ್ ಕೌಂಟರಿಗೆ ಸರಿಯಾದ ದಿನವೇ ಬಂದಿತ್ತು, ಕೌಂಟರಿನಿಂದ ಅಂದೇ ನನ್ನ ಟೇಬಲ್ಲಿಗೆ ಬಂತು, ನಾನು ಪಂದ್ಯ ನೋಡಲು ಹೋಗಿ ಮರೆತೆ, ಪಟ್ಟಿಗೆ ಸಹಿ ಹಾಕಿದವನೂ ನಾನೇ.”

ನನ್ನ ನೌಕರಿ ಖಾಯಂ ಆಗಲು ಇನ್ನೊಂದು ತಿಂಗಳಿತ್ತು. ಅಷ್ಟರಲ್ಲಿ ಅಪ್ಪ ಪಾರ್ಶ್ವವಾಯು ಹೊಡೆದು ಮನೆಯಲ್ಲಿ ಬಿದ್ದಿದ್ದರು, ಇಬ್ಬರು ತಂಗಿಯರು ಓದುತ್ತಿದ್ದರು. ಇದೆಲ್ಲ ನಿಜ. ಆದರೆ ಅಂದು ನನ್ನ ಬಾಯಿ ಕಟ್ಟಿದ್ದು ಅಪ್ಪನೂ ಅಲ್ಲ, ತಂಗಿಯರೂ ಅಲ್ಲ. ಬರೀ ಹೆದರಿಕೆ. ಇದನ್ನು ನಾನು ಇಷ್ಟು ಖಾತ್ರಿಯಿಂದ ಹೇಳಬಲ್ಲೆ, ಏಕೆಂದರೆ ಒಂದು ತಿಂಗಳ ನಂತರ ನೌಕರಿ ಖಾಯಂ ಆಯಿತು. ಆಗಲೂ ನಾನು ಹೇಳಲಿಲ್ಲ.

ಅವರು ಹೊರಗೆ ಬಂದಾಗ ಅಳುತ್ತ ಅವರ ಹಿಂದೆ ಹೋದೆ. ಉಪಕಾರವಾಯಿತು ಎಂದೇನೋ ತೊದಲಿದೆ. ಅವರು ನಿಂತರು.

“ನಿನ್ನ ಹೆಸರು ಹೇಳಿಲ್ಲಂದ್ರ ಮಾಫಿ ಮಾಡೀನಿ ಅಂತ ತಿಳ್ಕೋಬ್ಯಾಡ. ಒಳಗ ಮಾತಾಡೂ ಮುಂದ ನಾ ಬಾಗಲಾ ನೋಡ್ಕೋತನ ಇದ್ದೆ. ನೀನಾಗೇ ಬಂದು ಹೇಳ್ತೀ ಅಂತ ತಿಳಿದಿದ್ದೆ.”

ಆ ಕ್ಷಣದಿಂದ ನಾನು ಅವರಿಗೆ ತಂಗಿ ಅಲ್ಲ, ಮೇಡಂ. “ಮೇಡಂ, ಈ ಪತ್ರ ಟೈಪ್ ಮಾಡಿ.” ಅದೂ ಮರಾಠಿಯಲ್ಲಿ.

ಮಾರನೆಯ ದಿನ ಪ್ರಾಚಾರ್ಯರಿಂದ ಎಲ್ಲ ಕೇಳಿಕೊಂಡು ಬೆಳಗಾವಿಯವನು ಕಚೇರಿಗೆ ಬಂದ. ನಾನು ನನ್ನ ಕುರ್ಚಿಯಲ್ಲಿ ಇದ್ದೆ. ಅವನು ನೇರವಾಗಿ ಹೆಡ್‌ಕ್ಲಾರ್ಕರ ಮುಂದೆ ನಿಂತು ನನ್ನ ಕಡೆ ಕೈ ತೋರಿಸಿದ.

“ಈ ಮ್ಯಾಡಂ ಬರೋಬ್ಬರಿ ನಿಮ್ಮ ಟೇಬಲ್ಲಿಗೆ ಮುಟ್ಟಿಸಿದ್ರು. ನಿಮಗ ಮ್ಯಾಚ್ ಹೆಚ್ಚಾತು. ನಾ ಏನ್ ನಿಮ್ಮ ಮನರಂಜನಾಕ್ಕ ಆಡತಿದ್ನೇನ್ರಿ?”

“ತಪ್ಪಾತಪಾ” ಎಂದರು ಹೆಡ್‌ಕ್ಲಾರ್ಕರು. ಅವರ ಬಾಯಿಂದ ಅಷ್ಟು ಸಣ್ಣ ಧ್ವನಿ ನಾನು ಎಂದೂ ಕೇಳಿರಲಿಲ್ಲ. ಅವನು ಆ ವಾರವೇ ಕಾಲೇಜು ಬಿಟ್ಟ. ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸಕ್ಕೆ ಸೇರಿದನೆಂದು ತಿಳಿಯಿತು.

ಹೆಡ್‌ಕ್ಲಾರ್ಕರಿಗೆ ಆ ವರ್ಷ ಸಿಗಬೇಕಿದ್ದ ಬಡ್ತಿ ಸಿಗಲಿಲ್ಲ. ಅವರನ್ನು ಹಳೆಯ ದಾಖಲೆಗಳ ಕೋಣೆಗೆ ಹಾಕಿದರು. ನಿವೃತ್ತಿಯವರೆಗೂ ಅಲ್ಲೇ ಧೂಳು ತಿಂದರು. ಆದರೆ ನನ್ನ ಮನಸ್ಸಿನಲ್ಲಿ ಇಂದಿಗೂ ಕುದಿಯುವುದು ಕಟ್ಟೆಯ ವಿಷಯ. ಮುಂದಿನ ವರ್ಷದ ಮೊದಲ ಪಂದ್ಯಕ್ಕೆ ಅವರು ಎಂದಿನಂತೆ ಕೊಡೆ ಹಿಡಿದು ಬಂದರು. ಕ್ಯಾಂಟೀನಿನ ಮಾಲೀಕ ತನ್ನ ಚೀಲವನ್ನು ಅವರ ಜಾಗದಲ್ಲಿಟ್ಟು ಬೇರೆ ಕಡೆ ನೋಡಿದ. ಸಿಪಾಯಿ ಕಾಲು ಚಾಚಿ ಕೂತ. ಹೆಡ್‌ಕ್ಲಾರ್ಕರು ಮೈದಾನ ಸುತ್ತಿಕೊಂಡು ಆಚೆಯ ಮೂಲೆಗೆ ಹೋಗಿ ಕಾರ್ನರ್ ಬಾವುಟದ ಬಳಿ ನಿಂತು ಆಟ ನೋಡಿದರು. ನಾನು ಕಟ್ಟೆಯ ಮೇಲೇ ಕೂತಿದ್ದೆ. ಎದ್ದು ಹೋಗಲಿಲ್ಲ. ನನ್ನ ಕೈಯಲ್ಲಿ ಶೇಂಗಾದ ಪೊಟ್ಟಣ ಇತ್ತು, ಅದನ್ನು ಆ ಇಬ್ಬರ ಕಡೆ ಚಾಚಿದೆ. ಅಭಿಮಾನಿಗಳ ಪ್ರೀತಿಯ ಬಗ್ಗೆ ಯಾರಾದರೂ ಕಣ್ಣು ತುಂಬಿಕೊಂಡು ಮಾತಾಡಿದರೆ ನನಗೆ ಈಗಲೂ ವಾಕರಿಕೆ ಬರುತ್ತದೆ.

ಹಾಗೆ ಆರು ವರ್ಷ ಅವರು ಆಚೆಯ ಮೂಲೆಯಲ್ಲೇ ನಿಂತರು. ಪಂಚನಾಮೆ ಮಾತ್ರ ನಡೆದೇ ಇತ್ತು. ಮುಂದೆ ಯಾವ ಪಂದ್ಯ ಸೋತರೂ ಮಾತು ತಿರುಗಿ ಆ ವರ್ಷಕ್ಕೇ ಬರುತ್ತಿತ್ತು. “ತ್ಯಾ ಕಾನಡ್ಯಾನೆ ಕಪ್ ಬುಡವಲಾ” ಎನ್ನುತ್ತಿದ್ದ ಕ್ಯಾಂಟೀನಿನವನು, ಆ ಕನ್ನಡದವನೇ ಕಪ್ ಮುಳುಗಿಸಿದ ಎಂದು. ಆಮೇಲೆ ನಾನೂ ಕನ್ನಡದವಳೆಂದು ನೆನಪಾಗಿ, “ನಿಮಗಲ್ಲ ಅಕ್ಕಾ” ಎಂದು ಸಮಾಧಾನ ಮಾಡುತ್ತಿದ್ದ. ನಾನು ಚಹಾ ಕುಡಿಯುತ್ತಿದ್ದೆ.

ಅವರು ಉಪಕಾರ ಮಾಡಿದ ದೇವರಂಥ ಮನುಷ್ಯ ಎಂದು ಬರೆದರೆ ನನಗೆ ಸುಲಭ. ಅವರು ಹಾಗಿರಲಿಲ್ಲ. ಬಿಗಿಯಾಗಿ ಸಿಟ್ಟು ಹಿಡಿದರು, ಕೊನೆಯವರೆಗೂ ಬಿಡಲಿಲ್ಲ. ನಿವೃತ್ತಿಯ ದಿನ ಎಲ್ಲರ ಟೇಬಲ್ಲಿಗೂ ಹೋಗಿ ಕೈಮುಗಿದರು. ನನ್ನ ಟೇಬಲ್ಲಿಗೂ ಬಂದರು. ನಾನು ಕಾಲಿಗೆ ಬಾಗಿದೆ. ಅವರು ಹಿಂದೆ ಸರಿದರು, ಅಷ್ಟೇ. ಆ ಸಿಟ್ಟಿಗೆ ನಾನು ಋಣಿ. ಅವರು ಮಾಫಿ ಮಾಡಿಬಿಟ್ಟಿದ್ದರೆ ನಾನು ಎರಡೇ ವರ್ಷದಲ್ಲಿ ಎಲ್ಲ ಮರೆತು ಸುಖವಾಗಿರುತ್ತಿದ್ದೆ.

ನಿವೃತ್ತಿಯಾಗಿ ನಾಲ್ಕೈದು ವರ್ಷಕ್ಕೆ ಅವರು ತೀರಿಕೊಂಡರು. ಕಾತ್ರಜದ ಅವರ ಮನೆಗೆ ಕಾಲೇಜಿನಿಂದ ಹೋದವಳು ನಾನೊಬ್ಬಳೇ. ಹೆಣ ಅಂಗಳದಲ್ಲಿತ್ತು. ಚಟ್ಟ ಕಟ್ಟುವವರ ನಡುವೆ ಹೊಟ್ಟೆ ಬಂದ, ಕೂದಲು ತೆಳುವಾದ ಒಬ್ಬ ಹಗ್ಗ ಬಿಗಿಯುತ್ತಿದ್ದ. ಬೆಳಗಾವಿಯವನು. ನನ್ನ ಗುರುತು ಹಿಡಿದು ಬಳಿಗೆ ಬಂದ.

“ವರ್ಷಾ ದಸರಾಕ್ಕ ರಾಂಜಣಗಾಂವ ತನಕ ಬಸ್ಸಿನಾಗ ಬರ್ತಿದ್ರು ಮ್ಯಾಡಂ” ಎಂದ. “ಬನ್ನಿ ಎಲೀ ಕೊಡ್ಲಿಕ್ಕೆ. ಸಣ್ಣವರು ದೊಡ್ಡವರ ಮನೀಗೆ ಒಯ್ದು ಕೊಡೂದು ಪದ್ಧತಿ. ಇವರು ಅಷ್ಟು ದೊಡ್ಡವರಿದ್ದು ನನ್ನ ಬಾಗಲಿಗೆ ಬಂದು ನಿಲ್ತಿದ್ರು. ನನ್ನಿಂದ ನಿನ್ನ ಬಾಳೇ ಹಾಳಾತಪಾ ಅಂತಿದ್ರು. ನಾ ಒಂದ ಸಲಾನೂ ಕೈ ಚಾಚಲಿಲ್ಲ. ಒಳಗ ಬರ್ರಿ ಅಂತನೂ ಅನ್ನಲಿಲ್ಲ. ಕಿಡಕಿಯಾಗ ಎಲೀ ಇಟ್ಟು ಹೋಗ್ತಿದ್ರು.”

ಅವನ ಮುಖ ಸೊಟ್ಟಗಾಯಿತು. ಕಾರ್ಖಾನೆಯ ಜಾಕೀಟಿನ ತೋಳಿನಿಂದ ಮೂಗು ಒರೆಸಿಕೊಂಡ.

“ಮರ್ತ ಆಗಿದ್ದ ತಪ್ಪಿಗೆ ನಾ ಭಾಳ ಶಿಕ್ಷಾ ಕೊಟ್ಟೆ ಅನಸ್ತದ್ರಿ. ನೀವ ಹೇಳ್ರಿ, ನಾ ತಪ್ಪ ಮಾಡಿದ್ನೇನು?”

ಇನ್ನು ನನ್ನ ನೌಕರಿ ಕಸಿಯುವವರಿರಲಿಲ್ಲ. ಅಪ್ಪ ಹೋಗಿ ವರ್ಷಗಳಾಗಿದ್ದವು, ತಂಗಿಯರು ಮದುವೆಯಾಗಿ ತಮ್ಮ ಮನೆ ಸೇರಿದ್ದರು. ಹೇಳಲು ಒಂದು ಮಾತು ಸಾಕಿತ್ತು.

“ನಿಂದೇನ್ ತಪ್ಪಪಾ” ಎಂದೆ. “ತಪ್ಪು ಅವರದ ಇತ್ತು.”

ಅವನು ಹಗುರಾದಂತೆ ಉಸಿರು ಬಿಟ್ಟು, ಹೋಗಿ ಚಟ್ಟಕ್ಕೆ ಹೆಗಲು ಕೊಟ್ಟ. ಎಲ್ಲ ಮುಗಿದ ಮೇಲೆ, ಬಸ್ಸಿಗೆ ಯಾಕೆ ಕಾಯ್ತೀರಿ ಎಂದು ತನ್ನ ಗಾಡಿಯ ಮೇಲೆ ನನ್ನನ್ನು ಸ್ವಾರಗೇಟ್ ತನಕ ಬಿಟ್ಟ. ನಾನು ಇಳಿಯುವಾಗ ಸೆರಗು ಚಕ್ರಕ್ಕೆ ಸಿಗದಂತೆ ಎತ್ತಿ ಹಿಡಿದು, “ಸಾವಕಾಶ ಹೋಗ್ರಿ ಮ್ಯಾಡಂ” ಎಂದ.